ಚೌಕಾಸಿಗೆ ನಾಚಿಕೆಯೇಕೆ?

ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಇಪ್ಪತ್ತು ರೂಪಾಯಿ ಎಂದರೆ 'ಹದಿನೈದಕ್ಕೆ ಕೊಡಮ್ಮ' ಎಂದು ಬಿಸಿಲಲ್ಲಿ ಕುಳಿತವಳೊಂದಿಗೆ ಹತ್ತು ನಿಮಿಷ ಜಗ್ಗಾಡುವ ನಾವು, ಎಂಟು ಲಕ್ಷದ ಕಾರು ಕೊಳ್ಳಲು ಹೋದಾಗ ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ. ಗಾಜಿನ ಬಾಗಿಲು, ತಣ್ಣನೆಯ ಹವೆ, ಟೈ ಕಟ್ಟಿದ ಹುಡುಗ ತಂದಿಡುವ ಕಾಫಿ, ಇವುಗಳ ಎದುರು ದರ ಕೇಳುವುದೇ ಸಣ್ಣತನ ಎನಿಸಿಬಿಡುತ್ತದೆ. ಈ ಸಂಕೋಚವನ್ನು ಸಭ್ಯತೆ ಎಂದು ಕರೆಯಲು ನಾನು ಸಿದ್ಧಳಿಲ್ಲ. ಡೀಲರುಗಳು ಲಾಭದ ಲೆಕ್ಕ ಹಾಕುವುದೇ ಅದರ ಮೇಲೆ.

ನಮ್ಮ ತಂದೆಯವರ ಕಾಲದಲ್ಲಿ ಕಾರು ಎಂದರೆ ಅಂಬಾಸಿಡರ್, ಇಲ್ಲವೆ ಫಿಯಟ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೂ ಸರದಿ ತಪ್ಪಲಿಲ್ಲ. ಸಿಕ್ಕರೆ ಸಾಕು ಎನ್ನುವವನು ಚೌಕಾಸಿ ಮಾಡುವುದೆಲ್ಲಿ ಬಂತು? ಈಗ ಒಂದೇ ರಸ್ತೆಯಲ್ಲಿ ನಾಲ್ಕೈದು ಶೋರೂಮುಗಳು; ತಿಂಗಳ ಕೊನೆ ಬಂತೆಂದರೆ ಫೋನಿನ ಮೇಲೆ ಫೋನು. ನಮ್ಮ ಮನಸ್ಸು ಮಾತ್ರ ಇನ್ನೂ ಆ ಸರದಿಯಲ್ಲೇ ನಿಂತಿದೆ.

'ರೇಟು ಕಂಪನಿಯದು ಮೇಡಂ, ನಮ್ಮ ಕೈಯಲ್ಲಿಲ್ಲ' ಎನ್ನುತ್ತಾರೆ. ಇದು ಅರ್ಧ ಸತ್ಯ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಅದರ ಮೇಲಿದ್ದ ಸೆಸ್ಸೂ ಹೋಯಿತು. ಆ ತೆರಿಗೆಯಲ್ಲಾಗಲಿ, ದೇಶದಲ್ಲೇ ಭಾರಿ ಎನಿಸಿಕೊಂಡ ನಮ್ಮ ರಾಜ್ಯದ ರಸ್ತೆ ತೆರಿಗೆಯಲ್ಲಾಗಲಿ ಡೀಲರು ಒಂದು ಪೈಸೆ ಬಿಡಲಾರ, ಒಪ್ಪೋಣ. ಕೆನೆ ಕಟ್ಟಿರುವುದು ಉಳಿದ ಸಾಲುಗಳಲ್ಲಿ.

ಕಳೆದ ವರ್ಷ ಅಣ್ಣನ ಮಗ ಕಾರು ಕೊಳ್ಳುವಾಗ ನಾನೂ ಜೊತೆಗೆ ಹೋಗಿದ್ದೆ. 'ಆನ್‌ರೋಡ್ ಇಷ್ಟು' ಎಂದು ಒಂದೇ ಮೊತ್ತವನ್ನು ಬರೆದುಕೊಟ್ಟರು. ಬಿಡಿಬಿಡಿಯಾಗಿ ಬರೆದುಕೊಡಿ ಎಂದೆ. ಹುಡುಗ ಮ್ಯಾನೇಜರ ಮುಖ ನೋಡಿದ. ಇಪ್ಪತ್ತು ನಿಮಿಷದ ಮೇಲೆ ಬಂದ ಕಾಗದದಲ್ಲಿ 'ಹ್ಯಾಂಡ್ಲಿಂಗ್ ಚಾರ್ಜ್' 8,500 ಎಂದಿತ್ತು. ಏನಿದು ಎಂದು ಕೇಳಿದೆ. ಗೋಡೌನಿನಿಂದ ಶೋರೂಮಿಗೆ ಕಾರು ತರುವ ಖರ್ಚಂತೆ! ಅಂಗಡಿಯವನು ಅಕ್ಕಿ ಮೂಟೆಯನ್ನು ಉಗ್ರಾಣದಿಂದ ಎತ್ತಿ ತಂದ ಕೂಲಿಯನ್ನು ನಮ್ಮ ಚೀಟಿಗೆ ಬರೆದರೆ ಸುಮ್ಮನಿರುತ್ತೇವೆಯೆ? ಕೆಳಗೆ 14,000ದ 'ಆಕ್ಸೆಸರಿ ಕಿಟ್'. ನೆಲಕ್ಕೆ ಹಾಸುವ ಮ್ಯಾಟು, ಕಾರಿಗೊಂದು ಹೊದಿಕೆ, ಸುವಾಸನೆಯ ಡಬ್ಬಿ. ಯಾರು ಕೇಳಿದ್ದರು ಇದನ್ನು?

ವಿಮೆಯದು ಇನ್ನೂ ದೊಡ್ಡ ಕಥೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರ ಗೊತ್ತುಪಡಿಸಿದ್ದು. ಎಲ್ಲಿ ಕೊಂಡರೂ ಅಷ್ಟೇ. ನಮ್ಮ ಕಾರಿನ ಹಾನಿಗೆಂದು ಕಟ್ಟುವ ಭಾಗವಿದೆಯಲ್ಲ, ಅದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಶೋರೂಮಿನವರು ಹೇಳಿದ ಒಟ್ಟು ವಿಮೆ 41,300. ಅದೇ ರಕ್ಷಣೆಗೆ ಹೊರಗೆ ವಿಚಾರಿಸಿದಾಗ 31,800. 'ವಿಮೆ ನಮ್ಮಲ್ಲೇ ಆಗಬೇಕು, ಇಲ್ಲದಿದ್ದರೆ ಡಿಸ್ಕೌಂಟ್ ಇಲ್ಲ' ಎಂಬ ಬೆದರಿಕೆಯೂ ಬಂತು. ಎಲ್ಲಿ ವಿಮೆ ಮಾಡಿಸಬೇಕೆಂಬುದು ಕೊಳ್ಳುವವನ ಇಷ್ಟ. ಡೀಲರುಗಳು ವಿಮೆ ಮಾರುವ ಬಗೆಗೆಂದೇ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇಷ್ಟು ಹೇಳಿದ ಮೇಲೆ ಬೆದರಿಕೆ ನಿಂತಿತು. ಹ್ಯಾಂಡ್ಲಿಂಗೂ ಹೋಯಿತು, ಕಿಟ್ಟೂ ಹೋಯಿತು. ಮೂರೂ ಸೇರಿ 32,000 ರೂಪಾಯಿ. ಕಾರಿನ ಬೆಲೆಯ ಸುದ್ದಿಗೇ ನಾವಿನ್ನೂ ಹೋಗಿರಲಿಲ್ಲ!

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ಕಾರು ಮಾರಬೇಕೆಂದು ಅವನ ಕತ್ತಿನ ಮೇಲೂ ಕತ್ತಿಯಿದೆ. ಹಾಗೆಂದೇ ತಿಂಗಳ ಕೊನೆಯ ವಾರದಲ್ಲಿ ಹೋಗಬೇಕು. ಡಿಸೆಂಬರಿನಲ್ಲಾದರೆ ಇನ್ನೂ ಸಲೀಸು, ವರ್ಷ ತಿರುಗಿದರೆ ಅದೇ ಕಾರು 'ಹೋದ ವರ್ಷದ್ದು' ಆಗಿಬಿಡುತ್ತದೆ. ಹಳೆಯ ಕಾರನ್ನು ಕೊಡುವುದಿದ್ದರೆ ಆ ಮಾತನ್ನು ಕೊನೆಗಿಟ್ಟುಕೊಳ್ಳಿ. ಮೊದಲೇ ಬಾಯಿಬಿಟ್ಟರೆ ಹೊಸದರಲ್ಲಿ ಬಿಟ್ಟದ್ದನ್ನು ಹಳೆಯದರಲ್ಲಿ ಕಿತ್ತುಕೊಳ್ಳುತ್ತಾರೆ.

ನನಗೆ ಮೈಯುರಿಯುವುದು ಬೇರೆಯ ವಿಷಯಕ್ಕೆ. ಎಂಜಿನ್, ಮೈಲೇಜ್, ಸಾಲದ ಕಂತು ಎಲ್ಲವನ್ನೂ ಗಂಡಸರಿಗೆ ವಿವರಿಸಿ, 'ಕಲರ್ ಯಾವುದು ಮೇಡಂ?' ಎಂದು ಕೇಳಲು ಮಾತ್ರ ನಮ್ಮ ಕಡೆ ತಿರುಗುತ್ತಾರೆ. ನಮ್ಮ ಮನೆಯ ಗಂಡಸರೋ, ಮ್ಯಾನೇಜರು ಕೈಕುಲುಕಿ 'ಸಾರ್' ಎಂದ ಕೂಡಲೇ ಕರಗಿ ಹೋಗಿರುತ್ತಾರೆ. ತಿಂಗಳ ಸಂಬಳದಲ್ಲಿ ಹಾಲು, ಫೀಜು, ಔಷಧಿ ಎಲ್ಲವನ್ನೂ ಹೊಂದಿಸಿ ನಾಲ್ಕು ಕಾಸು ಉಳಿಸುವವಳಿಗೆ ಅಲ್ಲಿ ಬಣ್ಣ ಆರಿಸುವ ಕೆಲಸ! ಅಣ್ಣನ ಮಗನೂ 'ಅತ್ತೆ, ಸಾಕು ಬಿಡಿ, ಏನಂದುಕೊಳ್ಳುತ್ತಾರೋ' ಎಂದು ನನ್ನ ಸೆರಗು ಜಗ್ಗುತ್ತಿದ್ದ. ಏಳು ವರ್ಷ ಕಂತು ಕಟ್ಟಬೇಕಾದವನು ಅವನು. ಏನಾದರೂ ಅಂದುಕೊಳ್ಳಲಿ ಎಂದು ನಾನು ಬೆಲೆಯ ಮಾತು ತೆಗೆದೆ.