ಒಂಟಿ ಬಂಡಿಯ ರಾತ್ರಿ

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೆಯೋ ಲೆಕ್ಕವಿಲ್ಲ. ಆದರೆ ಗಾದೆಯನ್ನು ಬೋಧಿಸುವುದು ಬೇರೆ, ಗಾದೆಗೆ ಉದಾಹರಣೆಯಾಗಿ ನಿಲ್ಲುವುದು ಬೇರೆ. ಕಳೆದ ಚಳಿಗಾಲದ ಒಂದು ಬೆಳಗಿನ ಜಾವ, ಶ್ರೀರಂಗಪಟ್ಟಣದ ಕೋಟೆಯಿಂದ ಕೂಗಳತೆಯಲ್ಲಲ್ಲದಿದ್ದರೂ ಅದೇ ತಾಲೂಕಿನ ಬೆಳಗೊಳದ ಕಬ್ಬಿನ ಗದ್ದೆಗಳ ನಡುವೆ, ಈ ಎರಡನೆಯ ಭಾಗ್ಯವೂ ನನಗೆ ಒದಗಿಬಂದಿತು.

ನಡೆದದ್ದಿಷ್ಟು. ನನ್ನಲ್ಲಿ ಒಂದು ಹಳೆಯ ವ್ಯಾನು ಇದೆ. ಹಿಂದಿನ ಆಸನಗಳನ್ನು ಮಡಿಸಿದರೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದು. ಈಚೆಗೆ ಇಂಥ ಶಯನವೈಭವವು ದೊಡ್ಡದೊಂದು ಹವ್ಯಾಸವಾಗಿ ಬೆಳೆದಿರುವುದನ್ನು ವಾಚಕರು ಬಲ್ಲರು. ವಾಹನದಲ್ಲಿಯೇ ಹಾಸಿಗೆ, ಅದರಲ್ಲಿಯೇ ಒಲೆ, ದೀಪ, ನೀರಿನ ಡಬ್ಬ. ಹೋದಲ್ಲೇ ಊರು, ನಿಂತಲ್ಲೇ ಮನೆ. ನನ್ನದು ಅಷ್ಟು ದೊಡ್ಡ ಸಂಸಾರವಲ್ಲ. ಒಂದು ಜಮಖಾನ, ಒಂದು ದಿಂಬು, ಒಂದು ಹೂಜಿ ನೀರು. ಬಲಮುರಿಯ ಅಣೆಕಟ್ಟೆಯ ಮೇಲೆ ಕಾವೇರಿ ಜಾರುವುದನ್ನು ಸೂರ್ಯೋದಯದ ಮಂಜಿನಲ್ಲಿ ನೋಡಬೇಕೆಂಬ ಆಸೆಯಿಂದ ಒಂದು ಶನಿವಾರ ಸಂಜೆ ಮೈಸೂರಿನಿಂದ ಹೊರಟೆ. ಬೆಳಗೊಳವನ್ನು ದಾಟಿ, ನದಿಯ ಕಡೆಗೆ ಇಳಿಯುವ ಗಾಡಿ ಜಾಡೊಂದರಲ್ಲಿ ವ್ಯಾನು ನಿಲ್ಲಿಸಿದೆ. ಸುತ್ತ ಆಳೆತ್ತರದ ಕಬ್ಬು, ದೂರದಲ್ಲಿ ನೀರಿನ ಮೊರೆತ, ಮೇಲೆ ನಕ್ಷತ್ರಗಳು. ಇದಕ್ಕಿಂತ ಪ್ರಶಸ್ತವಾದ ಸ್ಥಳ ಇನ್ನೆಲ್ಲಿದೆ ಎಂದುಕೊಂಡೆ. ಕಳ್ಳನೂ ಹಾಗೆಯೇ ಅಂದುಕೊಂಡನೆಂಬುದು ಮರುದಿನ ತಿಳಿಯಿತು.

ಸೆಖೆಯೆಂದು ಮುಂದಿನ ಕಿಟಕಿಯ ಗಾಜನ್ನು ಅರ್ಧಕ್ಕೆ ಇಳಿಸಿದ್ದೆ. ಮುಂದಿನ ಆಸನದ ಮೇಲೆ ಉಬ್ಬಿದ ಕಪ್ಪು ಚೀಲವೊಂದಿತ್ತು. ಹೊರಗಿನಿಂದ ನೋಡಿದವರಿಗೆ ಅದರಲ್ಲಿ ಲ್ಯಾಪ್‌ಟಾಪು ಇದೆಯೆಂದು ತೋರಬೇಕು. ಆದರೆ ಒಳಗಿದ್ದದ್ದು ನನ್ನ ವಿದ್ಯಾರ್ಥಿಗಳ ಆಂತರಿಕ ಪರೀಕ್ಷೆಯ ನಲವತ್ತೆರಡು ಉತ್ತರಪತ್ರಿಕೆಗಳು. ಭಾನುವಾರ ನದಿಯ ದಡದಲ್ಲಿ ಕುಳಿತು ತಿದ್ದಿದರೆ ಅಂಕಗಳೂ ಸ್ವಲ್ಪ ಉದಾರವಾಗಿ ಬಿದ್ದಾವೆಂಬುದು ನನ್ನ ಎಣಿಕೆ. ಬೆಳಗ್ಗೆ ಎದ್ದಾಗ ಬಾಗಿಲು ತೆರೆದಿತ್ತು, ಚೀಲವಿರಲಿಲ್ಲ. ಅರ್ಧ ಇಳಿದ ಕಿಟಕಿಯೊಳಗೆ ಕೈ ಹಾಕಿ ಒಳಗಿನ ಚಿಲಕ ಎಳೆದದ್ದು ನಿಚ್ಚಳವಾಗಿತ್ತು. ಮೂರು ಮೊಳ ದೂರದಲ್ಲಿ ಮಲಗಿದ್ದ ನನಗೆ ಒಂದು ಸದ್ದೂ ಕೇಳಿಸಿರಲಿಲ್ಲ.

ದಿಂಬಿನ ಕೆಳಗಿದ್ದ ಮೊಬೈಲು, ಜೇಬಿನ ಹಣ ಎರಡೂ ಸುರಕ್ಷಿತವಾಗಿದ್ದವು. ನನ್ನದೆಂಬ ವಸ್ತು ಒಂದೂ ಹೋಗಿರಲಿಲ್ಲ. ಹೋದದ್ದೆಲ್ಲವೂ ಪರರದು. ಆ ಕ್ಷಣದ ನಾಚಿಕೆಯನ್ನು ವರ್ಣಿಸಲು ನನ್ನ ಎಂ.ಎ. ಸಾಲದು.

ನಾನು ಹೀಗೆ ಮಂಕು ಬಡಿದವನಂತೆ ನಿಂತಿರುವಾಗ ಗದ್ದೆಯ ಬದುವಿನ ಮೇಲೆ ವೃದ್ಧರೊಬ್ಬರು ಬಂದರು. ಹೆಗಲ ಮೇಲೆ ಟವೆಲು, ಕಂಕುಳಲ್ಲಿ ನನ್ನ ಚೀಲ, ಕೈತುಂಬ ಕಾಗದ.

“ಈ ಕಾಗ್ದಗೋಳು ನಿಮ್ಮವಾ ಸ್ವಾಮಿ? ಕಾಲ್ವೆ ಏರಿ ಮ್ಯಾಲೆಲ್ಲ ಚೆಲ್ಲಾಡಿದ್ದೋ.”

“ನನ್ನವೇ ಯಜಮಾನರೇ. ಪರೀಕ್ಷೆಯ ಕಾಗದಗಳು. ರಾತ್ರಿ ಯಾರೋ ಹೊತ್ತುಕೊಂಡು ಹೋದರು.”

“ಹೊತ್ಕಂಡೋಗಿ ನೋಡ್ದಾಗ ಬರೀ ಬರವಣ್ಗೆ. ಬಿಸಾಕ್ಬುಟ್ಟವ್ನೆ,” ಎಂದು ಅವರು ನಕ್ಕರು. ಬಳಿಕ ವ್ಯಾನನ್ನೂ ನನ್ನನ್ನೂ ಒಮ್ಮೆ ನೋಡಿ, “ಇಲ್ಲಿ ಒಬ್ರೇ ಮನಿಕ್ಕಂಡಿದ್ರಾ? ಊರೊಳಕ್ಕೆ ಬಂದು ಒಂದು ಮಾತು ಯೋಳಿದ್ರೆ ನಮ್ಮನೆ ಜಗಲಿ ಇರ್ನಿಲ್ವಾ?” ಎಂದರು.

ಇಬ್ಬರೂ ಸೇರಿ ಏರಿಯ ಮೇಲೆ ಹುಡುಕಿದೆವು. ಮೂವತ್ತೊಂಬತ್ತು ಪತ್ರಿಕೆಗಳು ದೊರೆತವು. ಮೂರು ನೀರಿನ ಪಾಲಾಗಿದ್ದವು.

ಹುಡುಕುವಾಗ ಅವರು ಹೇಳಿದ ಮಾತುಗಳೇ ಈ ವಾರದ ನನ್ನ ಬರವಣಿಗೆಗೆ ಆಧಾರ. ವಾಹನದಲ್ಲಿ ಮಲಗುವುದು ನಮಗೆ ಹೊಸ ಹವ್ಯಾಸವಾದರೂ ಮಂಡ್ಯದ ಸೀಮೆಗೆ ಅದು ಹಳೆಯ ಕಸುಬು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾದಂದಿನಿಂದ ಕಬ್ಬಿನ ಗಾಡಿಗಳು ಕಾರ್ಖಾನೆಯ ಮುಂದೆ ಸರತಿ ಹಿಡಿದು ರಾತ್ರಿ ಕಳೆಯುತ್ತಿದ್ದವು. ಹಾಗೆ ಹತ್ತಾರು ರಾತ್ರಿ ಕಳೆದವರು ಈ ಹಿರಿಯರು. “ಒಂಟಿ ಬಂಡಿ ಯಾವತ್ತೂ ನಿಲ್ಲುಸ್ತಿರ್ನಿಲ್ಲ ಸ್ವಾಮಿ. ಹತ್ತು ಬಂಡಿ ಒಟ್ಗೆ. ಎತ್ತು ಕೊಳ್ಳು ಬಿಚ್ಚಿ ಚಕ್ರಕ್ಕೇ ಕಟ್ತಿದ್ದೊ. ನಾವು ಬಂಡಿ ಕೆಳ್ಗೆ ಮನಿಕ್ಕಂಡು ಹಗ್ಗದ ತುದೀನ ಕೈಗೆ ಸುತ್ಕತಿದ್ದೊ. ಒಬ್ಬ ಎದ್ದಿರೋನು.” ಅವರು ಇನ್ನೂ ಒಂದು ಮಾತು ಸೇರಿಸಿದರು: “ನೀರು ಸದ್ದು ಮಾಡೋ ತಾವು ಮನೀಕಬಾರ್ದು. ಕಳ್ಳನ ಹೆಜ್ಜೆ ಕೇಳಾಕಿಲ್ಲ.”

ನಾನು ಬೆಚ್ಚಿಬಿದ್ದೆ. ಒಂಟಿಯಾಗಿ ಮಲಗುವವನಿಗೆ ಇರುವ ಕಾವಲುಗಾರನು ಒಬ್ಬನೇ, ಅವನ ಕಿವಿ. ನಾನು ಕಾವ್ಯದ ಮೋಹದಿಂದ ಆ ಕಾವಲುಗಾರನನ್ನು ಬಲಮುರಿಯ ಮೊರೆತದಲ್ಲಿ ಮುಳುಗಿಸಿದ್ದೆ. ಅಲ್ಲದೆ ನದಿಯ ಪಾತಳಿಯಲ್ಲಿ ಮಲಗುವವನಿಗೆ ಕಳ್ಳನೊಬ್ಬನೇ ವೈರಿಯಲ್ಲ. ಮೇಲ್ಗಡೆ ಕನ್ನಂಬಾಡಿಯ ಕಟ್ಟೆಯಿದೆ, ಅಲ್ಲಿಂದ ನೀರು ಬಿಟ್ಟರೆ ರಾತ್ರೋರಾತ್ರಿ ಹೊಳೆ ಏರುತ್ತದೆ.

ಸ್ಥಳದ ಆಯ್ಕೆಯೇ ಅರ್ಧ ರಕ್ಷಣೆಯೆಂದು ಈಗ ನಾನು ಬಲ್ಲೆ. ರಮ್ಯವಾದ ಏಕಾಂತವು ಬಹುಮಟ್ಟಿಗೆ ಅಪಾಯದ ಇನ್ನೊಂದು ಹೆಸರು. ಲಾರಿಗಳು ಸಾಲಾಗಿ ನಿಲ್ಲುವ ಡಾಬಾ, ರಾತ್ರಿಯೆಲ್ಲ ದೀಪ ಉರಿಯುವ ಪೆಟ್ರೋಲು ಬಂಕು, ಅಪ್ಪಣೆ ಪಡೆದ ದೇವಸ್ಥಾನದ ಅಂಗಳ, ಯಾರದಾದರೂ ಕಣ ಅಥವಾ ಹಿತ್ತಲು, ಇವು ಚಿತ್ರಕ್ಕೆ ಚೆನ್ನಾಗಿರವು, ನಿದ್ರೆಗೆ ಚೆನ್ನಾಗಿರುತ್ತವೆ. ಹೆದ್ದಾರಿಯ ಅಂಚು ಮಾತ್ರ ಸರ್ವಥಾ ಸಲ್ಲದು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆ ೨೦೨೩ರ ಮಾರ್ಚಿಯಲ್ಲಿ ನಡೆಯಿತು. ಅದರ ಅಂಚಿನಲ್ಲಿ ಕಾರು ನಿಲ್ಲಿಸಿಕೊಂಡವರನ್ನು ಬೆದರಿಸಿ ದೋಚಿದ ವಾರ್ತೆಗಳು ಅದೇ ವರ್ಷ ಪತ್ರಿಕೆಗಳಲ್ಲಿ ಬಂದವು. ಅಲ್ಲಿ ದೀಪವೂ ಇದೆ, ವಾಹನಗಳ ಸಂಚಾರವೂ ಇದೆ. ಆದರೆ ನೂರು ಕಿಲೋಮೀಟರಿನ ವೇಗದಲ್ಲಿ ಹಾಯುವ ಸಾವಿರ ಕಣ್ಣುಗಳಲ್ಲಿ ಒಂದು ಕಣ್ಣೂ ನಿಮ್ಮನ್ನು ನೋಡುವುದಿಲ್ಲ. ಹಳ್ಳಿಯ ಜಗಲಿಯ ಮೇಲೆ ಕೆಮ್ಮುತ್ತ ಕುಳಿತ ಒಬ್ಬ ಅಜ್ಜ ಅವೆಲ್ಲಕ್ಕಿಂತ ಮೇಲು.

ಇನ್ನು ಕಳ್ಳರ ವಿಷಯ. ಕತ್ತಲಲ್ಲಿ ಕೈ ಹಾಕುವವನಿಗಿಂತ ಬೆಳಕಿನಲ್ಲಿ ಕೈ ಕುಲುಕುವವನು ಹೆಚ್ಚು ಭಯಂಕರನೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಅನಂತರ ಸ್ವಲ್ಪ ಕಾಲದಲ್ಲಿಯೇ ಬೆಂಗಳೂರಿನ ಸುತ್ತ ನೂರರಷ್ಟು ದರೋಡೆಕೋರರು ಸೆರೆಸಿಕ್ಕರು; ಆದರೆ ಅವರ ಕಸುಬಿನ ಬಗೆ ಆಗ ಅಧಿಕಾರಿಗಳಿಗೆ ಅರ್ಥವಾಗಲಿಲ್ಲ. ೧೮೧೬ರಲ್ಲಿ ಮದರಾಸಿನ ವೈದ್ಯ ಷೆರ್‌ವುಡ್ ದಕ್ಷಿಣದ ಫಾಂಸಿಗರನ್ನು ಕುರಿತು ಬರೆದ ಪ್ರಬಂಧದಿಂದ ಅದು ಬಯಲಿಗೆ ಬಂದಿತು. ಆ ವರ್ಣನೆಗಳಲ್ಲಿ ಉತ್ಪ್ರೇಕ್ಷೆಯೂ ಉಂಟೆಂದು ಇಂದಿನ ಇತಿಹಾಸಕಾರರಲ್ಲಿ ಹಲವರು ಹೇಳುತ್ತಾರೆ. ಆದರೂ ಅಲ್ಲಿನ ಮುಖ್ಯ ಪಾಠ ಇಂದಿಗೂ ಸಲ್ಲುತ್ತದೆ: ಅವರು ಪ್ರಯಾಣಿಕನ ಮೇಲೆ ಎರಗುತ್ತಿರಲಿಲ್ಲ, ಅವನ ಜೊತೆಗಾರರಾಗುತ್ತಿದ್ದರು. ಊಟ ಹಂಚಿಕೊಂಡು, ಕಥೆ ಹೇಳಿ, ‘ದಾರಿಯಲ್ಲಿ ಕಳ್ಳರ ಭಯ, ಒಟ್ಟಿಗೆ ಹೋಗೋಣ’ ಎಂದು ನಂಬಿಸುತ್ತಿದ್ದರು.

ಇಂದು ಅದರ ಮರಿಮೊಮ್ಮಕ್ಕಳು ಬೇರೆ ವೇಷದಲ್ಲಿ ಬರುತ್ತಾರೆ. ‘ಸಾರ್, ಎಣ್ಣೆ ಸೋರುತ್ತಿದೆ’, ‘ಗಾಲಿಯಲ್ಲಿ ಗಾಳಿಯಿಲ್ಲ’, ‘ನಿಮ್ಮ ನೋಟು ಕೆಳಗೆ ಬಿದ್ದಿದೆ’ ಎಂದು ಒಬ್ಬನು ಒಂದು ಪಕ್ಕದಲ್ಲಿ ಕರೆಯುತ್ತಾನೆ. ಇನ್ನೊಬ್ಬನು ಮತ್ತೊಂದು ಪಕ್ಕದ ಬಾಗಿಲು ತೆರೆಯುತ್ತಾನೆ. ಇಂಥ ಉಪಕಾರಿ ಬಂದಾಗ ವಂದನೆ ಹೇಳಿ, ಇಳಿಯದೆ, ಬೆಳಕಿರುವ ಜನಸಂಚಾರದ ಸ್ಥಳದವರೆಗೆ ನಿಧಾನವಾಗಿ ಸಾಗಿ ಅಲ್ಲಿ ನೋಡುವುದೇ ಜಾಣತನ. ಹಾಗೆಂದು ಜಗತ್ತೆಲ್ಲ ಕಳ್ಳರಿಂದ ತುಂಬಿದೆಯೆಂದು ಭಾವಿಸಿದರೆ ಪ್ರಯಾಣವೇ ವ್ಯರ್ಥ. ವ್ಯತ್ಯಾಸವನ್ನು ತಿಳಿಯಲು ನಾನು ಕಂಡುಕೊಂಡ ಸೂತ್ರವಿದು: ನಾವಾಗಿ ಹುಡುಕಿಕೊಂಡು ಹೋಗಿ ಕೇಳಿದ ಸಹಾಯ ಸಾಮಾನ್ಯವಾಗಿ ಪ್ರಾಮಾಣಿಕ, ಕೇಳದೆ ನಮ್ಮನ್ನು ಹುಡುಕಿಕೊಂಡು ಬಂದ ಸಹಾಯವನ್ನು ಒಂದು ಕ್ಷಣ ತೂಗಿ ನೋಡಬೇಕು.

ಮಲಗುವ ಮುನ್ನ ಮಾಡಬೇಕಾದ ಕೆಲಸಗಳು ಸಣ್ಣವು. ಆಸನಗಳ ಮೇಲೆ ಬರಿ ಚೀಲವೂ ಕಾಣಬಾರದು, ಅದು ಬರಿದೆಂದು ಕಳ್ಳನಿಗೆ ಗೊತ್ತಿಲ್ಲ. ಒಡೆದ ಬಳಿಕ ತಿಳಿದರೆ ನಷ್ಟ ನಿಮ್ಮ ಗಾಜಿಗೆ. ವಾಹನದ ಮೂತಿ ದಾರಿಯ ಕಡೆಗಿರಲಿ, ಚಾಲಕನ ಆಸನ ಖಾಲಿಯಿರಲಿ, ಕೀಲಿಕೈ ಕತ್ತಲಲ್ಲಿಯೂ ಸಿಗುವ ಒಂದೇ ಜಾಗದಲ್ಲಿರಲಿ. ಗಾಳಿಗಾಗಿ ಕಿಟಕಿಯನ್ನು ಬೆರಳು ತೂರುವಷ್ಟು ಇಳಿಸಿ, ಕೈ ತೂರುವಷ್ಟಲ್ಲ. ಎಲ್ಲವನ್ನೂ ಮುಚ್ಚಿ, ಎಂಜಿನು ಓಡಿಸಿ, ತಂಪಿನ ಯಂತ್ರ ಹಾಕಿಕೊಂಡು ನಿದ್ರಿಸುವವರಿದ್ದಾರೆ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಳ್ಳನು ಚೀಲ ಒಯ್ದರೆ ಅದು ಪ್ರಾಣವನ್ನೇ ಒಯ್ಯುತ್ತದೆ. ಇರುವ ಸ್ಥಳವನ್ನು ಮನೆಯವರಲ್ಲಿ ಒಬ್ಬರಿಗಾದರೂ ತಿಳಿಸಿ. ಜಗತ್ತಿಗೆಲ್ಲ ಚಿತ್ರಸಹಿತ ಸಾರುವುದನ್ನು ಮನೆಗೆ ಮರಳಿದ ಮೇಲೆ ಇಟ್ಟುಕೊಳ್ಳಿ. ಚಾಲನಾ ಪರವಾನಗಿ, ನೋಂದಣಿ ಪತ್ರಗಳು ಡಿಜಿಲಾಕರಿನಲ್ಲಿದ್ದರೆ ಸಾಕು, ಮೂಲಪ್ರತಿಗಳು ಮನೆಯಲ್ಲಿರಲಿ. ಮೊಬೈಲಿನ ಹದಿನೈದು ಅಂಕೆಯ ಗುರುತುಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ. ಅದು ಕಳುವಾದರೆ ಪೊಲೀಸು ದೂರಿನೊಡನೆ ಸರಕಾರದ ಸಂಚಾರ ಸಾಥಿಯ ಮೂಲಕ ಯಾರೂ ಬಳಸದಂತೆ ತಡೆಯಬಹುದು.

ನಡುರಾತ್ರಿ ಎಚ್ಚರವಾಗಿ ಹೊರಗೆ ನೆರಳು ಕಂಡರೆ ಇಳಿಯಬೇಡಿ. ದೀಪ ಹಾಕಿ, ಹಾರನ್ ಒತ್ತಿ, ಸಾಧ್ಯವಾದರೆ ಹೊರಟುಬಿಡಿ, ೧೧೨ಕ್ಕೆ ಕರೆ ಮಾಡಿ. ಅವನು ಒಳಗೆ ಕೈ ಹಾಕಿಯಾಗಿದ್ದರೆ ವಸ್ತುವನ್ನು ಬಿಟ್ಟುಕೊಡಿ. ಚೀಲಕ್ಕೆ ಬದಲು ಚೀಲ ಬಂದೀತು.

ಕಾನೂನಿನ ಮಾತೂ ಒಂದಿಷ್ಟು. ೧೮೬೦ರ ಭಾರತೀಯ ದಂಡ ಸಂಹಿತೆಯು ವಾಸಕ್ಕೆ ಬಳಸುವ ಮನೆ, ಡೇರೆ, ನಾವೆಗಳಲ್ಲಿ ನಡೆದ ಕಳವನ್ನು ಸಾಮಾನ್ಯ ಕಳವಿಗಿಂತ ಘೋರವೆಂದು ಎಣಿಸಿ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೦೫ನೆಯ ಕಲಮು ಆ ಸಾಲಿಗೆ ಸರಕು ಇಲ್ಲವೆ ಪ್ರಯಾಣಿಕರನ್ನು ಸಾಗಿಸುವ ವಾಹನಗಳನ್ನೂ, ಅವುಗಳೊಳಗಿನ ವಸ್ತುಗಳನ್ನೂ ಸೇರಿಸಿದೆ. ದೂರನ್ನು ಯಾವ ಠಾಣೆಯಲ್ಲಿಯಾದರೂ ಕೊಡಬಹುದು, ‘ನಮ್ಮ ಸರಹದ್ದಲ್ಲ’ ಎಂದು ಹಿಂದಿರುಗಿಸುವಂತಿಲ್ಲ. ಸಾಧಾರಣ ಕಳವಿನಲ್ಲಿ, ವಸ್ತುವಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪು ಮಾಡಿದವನು ವಸ್ತುವನ್ನು ಮರಳಿಸಿದರೆ, ಅವನಿಗೆ ಸಮಾಜಸೇವೆಯೇ ಶಿಕ್ಷೆಯೆಂದು ಹೊಸ ಸಂಹಿತೆಯು ಹೇಳುತ್ತದೆ. ಈ ಮಾತನ್ನು ಓದಿದಾಗ ನನ್ನ ಉತ್ತರಪತ್ರಿಕೆಗಳ ಬೆಲೆಯೆಷ್ಟು ಎಂಬ ಪ್ರಶ್ನೆ ಎದ್ದಿತು. ರದ್ದಿಯ ಲೆಕ್ಕದಲ್ಲಿ ಹಿಡಿದರೆ ಹತ್ತೋ ಹದಿನೈದೋ ರೂಪಾಯಿ.

ಅದರ ನಿಜವಾದ ಬೆಲೆ ಸೋಮವಾರ ತರಗತಿಯಲ್ಲಿ ತಿಳಿಯಿತು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಮಕ್ಕಳು ಬಿದ್ದುಬಿದ್ದು ನಕ್ಕರು. ಕಳೆದುಹೋದ ಮೂರು ಪತ್ರಿಕೆಗಳಿಗೆ ಸೇರಿದವರು ಮತ್ತೆ ಪರೀಕ್ಷೆ ಬರೆಯಬೇಕೆಂದಾಗ ಇಬ್ಬರು ಒಪ್ಪಿದರು. ಮೂರನೆಯವಳು ಎದ್ದು ನಿಂತಳು. ಕೊನೆಯ ಬೆಂಚಿನಲ್ಲಿ ಕೂರುವ ಹುಡುಗಿ. ಹಿಂದಿನ ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿರಲಿಲ್ಲ.

“ಸಾರ್, ಈ ಸಲ ನಾನು ಎಲ್ಲ ಪ್ರಶ್ನೆಗೂ ಬರೆದಿದ್ದೆ. ಕಳ್ಳನಾದರೂ ನೋಡಿರಬಹುದು, ನೀವು ನೋಡಲಿಲ್ಲ,” ಎಂದಳು.

ಯಾರೂ ನಗಲಿಲ್ಲ. ಅವಳು ಮತ್ತೆ ಬರೆದಳು, ತೇರ್ಗಡೆಯೂ ಆದಳು. ಆದರೆ ಮೊದಲನೆಯ ಪತ್ರಿಕೆಯಲ್ಲಿ ಅವಳು ಏನು ಬರೆದಿದ್ದಳೆಂಬುದು ವಿರಿಜಾ ನಾಲೆಗೋ ಕಾವೇರಿಗೋ ಗೊತ್ತು, ನನಗೆ ಗೊತ್ತಿಲ್ಲ. ನನ್ನ ಗಡಿಯಾರ ಹೋಗಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಒಂಟಿಯಾಗಿ ಹೊರಡುವವನು ತನ್ನ ಸುಖದುಃಖಕ್ಕೆ ತಾನೇ ಒಡೆಯನೆಂದು ಭಾವಿಸುತ್ತಾನೆ. ಅವನ ಬಂಡಿಯಲ್ಲಿ ಬೇರೆಯವರ ಗಂಟೂ ಇರುತ್ತದೆಂಬುದು ಅದು ಹೋದ ಮೇಲೆಯೇ ನೆನಪಾಗುತ್ತದೆ. ಹೊರಡುವ ಮುನ್ನ ಆ ಗಂಟನ್ನು ಮನೆಯಲ್ಲಿ ಇಳಿಸಿ ಹೋಗಬೇಕೆಂಬುದೇ ನಾನು ಕಲಿತ ಮೊದಲ ಎಚ್ಚರಿಕೆ.

ಕಳೆದ ತಿಂಗಳು ಮತ್ತೆ ಬೆಳಗೊಳಕ್ಕೆ ಹೋಗಿದ್ದೆ. ಈ ಬಾರಿ ಕತ್ತಲಾಗುವ ಮೊದಲೇ ಹೋಗಿ ಆ ಹಿರಿಯರ ಮನೆಯ ಮುಂದೆ ನಿಂತೆ.

“ಈ ಸಲ ಏನು ಕಾಗ್ದ ತಂದಿದ್ದೀರಿ ಮೇಷ್ಟ್ರೆ?” ಎಂದರು.

“ಏನೂ ತಂದಿಲ್ಲ ಯಜಮಾನರೇ. ಜಗಲಿಯ ಮುಂದೆ ಸ್ವಲ್ಪ ಜಾಗ ಕೇಳಲು ಬಂದೆ.”

ಅವರು ಗಾಡಿ ನಿಲ್ಲಿಸುವ ಜಾಗದಿಂದ ಹಳೆಯ ನೊಗವೊಂದನ್ನು ಸರಿಸಿ ನನ್ನ ವ್ಯಾನಿಗೆ ಎಡೆ ಮಾಡಿಕೊಟ್ಟರು. ಬಲಮುರಿಯ ಮೊರೆತ ಅಲ್ಲಿಗೆ ಕೇಳಿಸುವುದಿಲ್ಲ. ರಾತ್ರಿಯೆಲ್ಲ ಕೇಳಿಸಿದ್ದು ಎತ್ತುಗಳ ಮೆಲುಕು ಮತ್ತು ಆಗಾಗ ಜಗಲಿಯಿಂದ ಒಂದು ಕೆಮ್ಮು. ಸೂರ್ಯೋದಯವನ್ನು ಮಾತ್ರ ಈ ಸಲವೂ ನೋಡಲಾಗಲಿಲ್ಲ. ನಾನು ಎಚ್ಚರಗೊಂಡಾಗ ಗಂಟೆ ಎಂಟಾಗಿತ್ತು.