ಅಗ್ಗದ ಸಿಗಾರ್‌ಗೆ ಎಷ್ಟು ಮಾರ್ಕ್ಸ್ ಕೊಡೋಣ?

ಸಿಗಾರ್ ವಿಮರ್ಶೆಗಳನ್ನ ಓದಿದ್ರೆ ನಗು ಬರುತ್ತೆ. ಮೊದಲು ಚರ್ಮದ ವಾಸನೆ, ಆಮೇಲೆ ಸೀಡರ್ ಮರ, ಆಮೇಲೆ ಕೋಕೋ, ನಡುವೆ ಎಲ್ಲೋ ಒದ್ದೆ ಮಣ್ಣು. ಕೊನೆಗೆ ನೂರಕ್ಕೆ ತೊಂಬತ್ತೆರಡು. ಅದೇ ಕಡಿಮೆ ಬೆಲೆಯದ್ದಾದ್ರೆ "ಈ ದುಡ್ಡಿಗೆ ಪರವಾಗಿಲ್ಲ" ಅನ್ನೋ ಒಂದು ಸಾಲು, ಮುಗೀತು. ನಮ್ಮ ತಕರಾರು ಇರೋದು ಇಲ್ಲೇ. ಅಗ್ಗದ ಮಾಲಿಗೆ ದಯೆ ತೋರಿಸೋದು ಬೇಡ, ಅವಮಾನ ಮಾಡೋದೂ ಬೇಡ. ಅದು ಯಾಕೆ ಅಗ್ಗ ಆಯ್ತು ಅಂತ ತಿಳ್ಕೊಂಡು ಅಳೆಯಬೇಕು.

ಮೊದಲು ನಿಕರಾಗುವಾ ಯಾಕೆ ಅನ್ನೋದನ್ನ ನೋಡೋಣ. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಬಂದ ತಂಬಾಕು ಬೆಳೆಗಾರರಲ್ಲಿ ಕೆಲವರು ಇಲ್ಲಿ ನೆಲೆಸಿದರು. 1962ರಲ್ಲಿ ಅಮೆರಿಕ ಕ್ಯೂಬಾದ ಮೇಲೆ ನಿರ್ಬಂಧ ಹೇರಿದ ಮೇಲೆ ಕ್ಯೂಬಾದಲ್ಲದ ಸಿಗಾರ್‌ಗೆ ದೊಡ್ಡ ಮಾರುಕಟ್ಟೆ ತೆರೆಯಿತು. ಎಸ್ತೆಲಿ ಪಟ್ಟಣದಲ್ಲಿ 1968ರಲ್ಲಿ ಹೋಯಾ ದೆ ನಿಕರಾಗುವಾ ಕಾರ್ಖಾನೆ ಶುರುವಾಯ್ತು. 1979ರ ಕ್ರಾಂತಿಯ ಹೊತ್ತಿಗೆ ಸೊಮೊಸಾನ ಸೈನ್ಯ ಅದೇ ಎಸ್ತೆಲಿಯ ಮೇಲೆ ಬಾಂಬು ಸುರಿದಿತ್ತು. 1985ರಿಂದ 1990ರವರೆಗೆ ನಿಕರಾಗುವಾಕ್ಕೂ ಅಮೆರಿಕದ ನಿರ್ಬಂಧ. ಇಷ್ಟೆಲ್ಲ ಆದ ಮೇಲೂ ಇವತ್ತು ಅಮೆರಿಕ ಕೈಯಲ್ಲಿ ಸುತ್ತಿದ ಸಿಗಾರ್‌ಗಳನ್ನ ಅತಿ ಹೆಚ್ಚಾಗಿ ತರಿಸಿಕೊಳ್ಳೋದು ಈ ಪುಟ್ಟ ದೇಶದಿಂದಲೇ.

ಈಗ ವಿಷಯಕ್ಕೆ. ಒಂದು ಸಿಗಾರ್‌ನಲ್ಲಿ ಮೂರು ಭಾಗ: ಒಳಗಿನ ತುಂಬು, ಅದನ್ನ ಹಿಡಿದಿಡೋ ಎಲೆ, ಹೊರಗಿನ ಹೊದಿಕೆ. ಗಿಡದ ತುದಿಯ ಎಲೆ ದಪ್ಪ, ಬಿಸಿಲುಂಡದ್ದು, ಖಾರ; ನಿಧಾನಕ್ಕೆ ಉರಿಯುತ್ತೆ. ಬುಡದ ಎಲೆ ಸಪ್ಪೆ, ಆದರೆ ಚೆನ್ನಾಗಿ ಹೊತ್ತಿಕೊಳ್ಳುತ್ತೆ. ಒಣಗಿದ ಎಲೆಗಳನ್ನ ರಾಶಿ ಹಾಕ್ತಾರೆ. ನಮ್ಮೂರ ತಿಪ್ಪೆ ಒಳಗೊಳಗೇ ಕಾಯುತ್ತಲ್ಲ, ಹಾಗೇ ರಾಶಿಯೂ ತೇವಕ್ಕೆ, ಭಾರಕ್ಕೆ ಕಾಯುತ್ತೆ. ಬಿಸಿ ಏರಿದಾಗ ಬಿಚ್ಚಿ, ಮೇಲಿನದು ಕೆಳಗೆ ಮಾಡಿ ಮತ್ತೆ ಒಟ್ಟಬೇಕು. ಈ ಹಂತದಲ್ಲಿ ಅಮೋನಿಯಾ ಹೊರಗೆ ಹೋಗುತ್ತೆ. ಅವಸರ ಮಾಡಿದ್ರೆ ಅದು ಸೇದುವವನ ಮೂಗಿಗೇ ಬರುತ್ತೆ.

ಹಾಗಾದ್ರೆ ದುಡ್ಡು ಉಳಿಯೋದು ಎಲ್ಲಿ? ಕೆಲವು ಕಡೆ ನ್ಯಾಯವಾಗಿಯೇ ಉಳಿಯುತ್ತೆ. ಮರದ ಪೆಟ್ಟಿಗೆ ಬದಲು ಇಪ್ಪತ್ತರ ಕಟ್ಟು, ಬಣ್ಣ ಹೊಂದದ, ನರ ಎದ್ದು ಕಾಣೋ ಹೊದಿಕೆ. ಇದಕ್ಕೆ ಮಾರ್ಕ್ಸ್ ಕಡಿಯೋದು ಶುದ್ಧ ತಪ್ಪು; ಹ್ಯಾಂಡ್‌ರೈಟಿಂಗ್ ನೋಡಿ ಇಂಟರ್ನಲ್ಸ್ ಕೊಡೋ ಹಾಗೆ. ಇನ್ನು ಕೆಲವು ಕಡೆ ಉದ್ದ ಎಲೆಯ ಜೊತೆ ಚೂರು ಎಲೆ ಸೇರಿಸ್ತಾರೆ. ಅದು ಬೇಗ ಉರಿಯುತ್ತೆ, ಬಿಸಿ ಜಾಸ್ತಿ, ಬೂದಿ ಪುಡಿಪುಡಿ. ಕಟ್ಟಿನ ಮೇಲೆ ಹಾಗಂತ ಹೇಳಿದ್ರೆ ನಮಗೆ ಆಕ್ಷೇಪ ಇಲ್ಲ.

ಕ್ಷಮಿಸಬಾರದ್ದು ಎಳೆತದ ದೋಷ. ಹೊಗೆ ಬರಲ್ಲ ಅಂದ್ರೆ ಒಳಗೆ ಎಲೆ ತಿರುಚಿದೆ, ಇಲ್ಲಾ ಬಿಗಿಯಾಗಿದೆ. ಎಸ್ತೆಲಿಯಲ್ಲಿ ಸಾಮಾನ್ಯವಾಗಿ ಇಬ್ಬರ ಜೋಡಿ ಕೆಲಸ: ಒಬ್ಬರು ತುಂಬು ಕಟ್ಟಿ ಕೊಡ್ತಾರೆ, ಇನ್ನೊಬ್ಬರು ಹೊದಿಕೆ ಸುತ್ತುತ್ತಾರೆ. ಎಷ್ಟು ಸುತ್ತಿದರೋ ಅಷ್ಟು ಕೂಲಿ. ದಕ್ಷಿಣ ಕನ್ನಡದ ಬೀಡಿ ಕಟ್ಟೋ ಹೆಂಗಸರಿಗೆ ಸಾವಿರದ ಲೆಕ್ಕ ಇದ್ದ ಹಾಗೇ. ಬೆಲೆ ಇಳಿಸೋಕೆ ಕೈಯ ವೇಗ ಏರಿಸಿದ್ರೆ, ಅದು ಮೊದಲು ಕಾಣೋದು ಎಳೆತದಲ್ಲೇ. ಹಾಗಾಗಿ ನಮ್ಮ ಪ್ರಕಾರ ನೂರರಲ್ಲಿ ಅರ್ಧ ಮಾರ್ಕ್ಸ್ ಎಳೆತಕ್ಕೆ ಮತ್ತು ಉರಿಗೆ ಹೋಗಬೇಕು. ಕೋಕೋ, ಚರ್ಮ ಎಲ್ಲ ಆಮೇಲೆ.

ರಜೆಯಲ್ಲಿ ನಾವು ನಾಲ್ಕು ಜನ, ಕ್ಯಾಂಪಸ್‌ನಿಂದ ಬಹಳ ದೂರ, ಗೆಳೆಯನ ಮಾವ ತಂದುಕೊಟ್ಟ ಎಸ್ತೆಲಿಯ ಕಟ್ಟಿನ ಸಿಗಾರ್ ಒಂದನ್ನ ಪಟ್ಟಿ ತೆಗೆದು, ಹೆಸರು ನೋಡದೆ ಪರೀಕ್ಷೆ ಮಾಡಿದ್ವಿ. ಐದಿಂಚು ಉದ್ದ, ಐವತ್ತರ ಗಾತ್ರ, ಅಂದ್ರೆ ಇಂಚಿನ 64ರಲ್ಲಿ 50 ಭಾಗ, ಸುಮಾರು 20 ಮಿಲಿಮೀಟರ್. ಶುರುವಿನಲ್ಲಿ ಕಾಳುಮೆಣಸಿನ ಖಾರ. ನಡುವೆ ಗಟ್ಟಿ ಡಿಕಾಕ್ಷನ್ ತರಹ, ಇದೇ ಅದರ ಒಳ್ಳೇ ಭಾಗ. ಎಳೆತ ಸಲೀಸು. ಉರಿ ಮಾತ್ರ ಒಂದು ಕಡೆ ಓಡ್ತು, ಎರಡು ಸಲ ಸರಿ ಮಾಡಬೇಕಾಯ್ತು.

ಹೊಗೆ ಒಳಗೆ ಎಳೆಯಲ್ಲ, ಹಾಗಾಗಿ ಸಿಗಾರ್ ಸೇಫ್ ಅನ್ನೋರಿಗೆ ಒಂದು ಮಾತು. ಅದರ ಹೊಗೆಯ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತೆ, ಬಾಯಿಯ ಕ್ಯಾನ್ಸರ್ ಅಪಾಯ ನಿಜ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ವಿಮರ್ಶಕರು ಇದಕ್ಕೆ ಕಾಲಂ ಇಟ್ಟಿರಲ್ಲ.

ನಮ್ಮ ಲೆಕ್ಕ: ಎಳೆತಕ್ಕೆ 25ಕ್ಕೆ 21, ಉರಿಗೆ 25ಕ್ಕೆ 13, ರುಚಿಗೆ 50ಕ್ಕೆ 30. ಒಟ್ಟು 64, ಫಸ್ಟ್ ಕ್ಲಾಸ್. ಹೊದಿಕೆಯ ಮೇಲಿದ್ದ ಕಲೆಗೆ ಏನೂ ಕಡಿದಿಲ್ಲ. ಕೊನೇ ಎರಡಿಂಚು ಕಹಿ. ನಾಲ್ವರಲ್ಲಿ ಯಾರೂ ಮುಗಿಸಲಿಲ್ಲ.