ಗಾಳಿ ಕಡಿಮೆ ಅಂತ ಕೈಟ್ ದೊಡ್ಡದು ಮಾಡಬೇಡಿ

ಭಾಗ 1/5

ಡಿಎಂನಲ್ಲಿ ಪದೇ ಪದೇ ಬರುವ ಪ್ರಶ್ನೆ: "ನಮ್ಮ ಕಡೆ ಗಾಳಿ ಕಡಿಮೆ. ಕೈಟ್‌ಬೋರ್ಡಿಂಗ್‌ಗೆ 17 ಮೀಟರ್ ತಗೊಳ್ಳಲಾ?"

ಬೇಡ ಮಾರಾಯ್ರೆ. ಯಾಕೆ ಬೇಡ ಅಂತ ಹೇಳಲಿಕ್ಕೇ ಈ ಐದು ಪೋಸ್ಟ್.

ಹೊಸಬರಿಗೆ ಮೊದಲು ಎರಡು ಮಾತು. ಸೊಂಟಕ್ಕೆ ಹಾರ್ನೆಸ್ ಕಟ್ಟಿಕೊಂಡು, ಕಾಲಡಿ ಒಂದು ಬೋರ್ಡ್ ಇಟ್ಟುಕೊಂಡು, ದೊಡ್ಡ ಗಾಳಿಪಟ ಎಳೆದ ಹಾಗೆ ನೀರಿನ ಮೇಲೆ ಜಾರುವುದು ಕೈಟ್‌ಬೋರ್ಡಿಂಗ್. ಇಲ್ಲಿ 12 ಮೀಟರ್, 17 ಮೀಟರ್ ಅಂದ್ರೆ ಉದ್ದ ಅಲ್ಲ, ಗಾಳಿಪಟದ ಬಟ್ಟೆಯ ವಿಸ್ತೀರ್ಣ. ಚದರ ಮೀಟರ್ ಲೆಕ್ಕ.

ನಮ್ಮ ಕರಾವಳಿಯಲ್ಲಿ ಬೇಸಿಗೆ ಮಧ್ಯಾಹ್ನ ನೆಲ ಕಾದ ಮೇಲೆ ಕಡಲ ಗಾಳಿ ಏಳ್ತದೆ. ಗೋವಾದ ಮೊರ್ಜಿಮ್, ಅಶ್ವೆಮ್ ಬೀಚುಗಳಲ್ಲಿ ಕೈಟ್ ಹಾರಿಸುವವರು ನಂಬಿಕೊಂಡಿರುವುದೂ ಇದೇ ಗಾಳಿಯನ್ನು. ಜೋರು ಗಾಳಿ ಅಲ್ಲ ಅದು. ಎಷ್ಟೋ ದಿನ 8ರಿಂದ 12 ನಾಟ್ ನಡುವೆಯೇ ಆಡ್ತಾ ಇರ್ತದೆ, ಅಂದ್ರೆ ಗಂಟೆಗೆ 15ರಿಂದ 22 ಕಿಲೋಮೀಟರ್. ಗಟ್ಟಿ ಗಾಳಿ ಬೇಕು ಅನ್ನುವವರು ರಾಮೇಶ್ವರಂ, ತೂತುಕುಡಿ ಕಡೆ ಹೋಗ್ತಾರೆ. ಮಳೆಗಾಲದ ನಮ್ಮ ಕಡಲಲ್ಲಿ ಗಾಳಿ ಉಂಟಲ್ಲ ಅಂತ ಕೇಳಬೇಡಿ. ಆ ಅಲೆಗೆ ಇಳಿಯುವ ಮಾತೇ ಬೇಡ.

ಈ ವಿಷಯ ನನಗೆ ಬರೀ ವಾದ ಅಲ್ಲ. ನಾವು ಮೂವರು ಕ್ಲಾಸ್‌ಮೇಟ್ಸ್ ಒಂದು ವರ್ಷದಿಂದ ತಿಂಗಳು ತಿಂಗಳು ದುಡ್ಡು ಒಟ್ಟು ಮಾಡ್ತಾ ಇದ್ದೇವೆ. ಟ್ಯೂಷನ್ ದುಡ್ಡು, ಮದುವೆ ಹಾಲ್‌ನಲ್ಲಿ ಬಡಿಸಿದ ದುಡ್ಡು, ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು ಎಲ್ಲ ಸೇರಿ. ಮೂವರಿಗೂ ಸೇರಿ ಒಂದೇ ಕೈಟ್ ಬರುವಷ್ಟು ಆಗಿದೆ. ನಮ್ಮ ತೂಕ 52, 61, 78 ಕೆಜಿ. ಇಬ್ಬರು 17 ಅಂತಾರೆ. ನಾನು 12 ಅಂತೇನೆ. ಅವರಿಬ್ಬರೂ ಇದನ್ನು ಓದ್ತಾ ಇದ್ದಾರೆ ಅಂತ ಗೊತ್ತಿದ್ದೇ ಬರೀತಾ ಇದ್ದೇನೆ.

ಭಾಗ 2/5

"ಗಾಳಿ ಅರ್ಧ ಆದ್ರೆ ಕೈಟ್ ಡಬಲ್ ಮಾಡಿದ್ರಾಯ್ತು" ಅನ್ನುವ ಲೆಕ್ಕ ಕೇಳಲಿಕ್ಕೆ ಚಂದ. ಆದ್ರೆ ಗಾಳಿ ಆ ಲೆಕ್ಕದಲ್ಲಿ ನಡೆಯುವುದಿಲ್ಲ.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕ ಹಾಗೆ ಏರ್ತದೆ, ಇಳೀತದೆ. 12 ನಾಟ್ ಇದ್ದದ್ದು 8 ನಾಟ್ ಆಯ್ತು ಅಂದುಕೊಳ್ಳಿ. ವೇಗ ಇಳಿದದ್ದು ಮೂರನೇ ಒಂದು ಭಾಗ ಮಾತ್ರ. ಬಲ? 8 ಗುಣಿಲೆ 8 ಅಂದ್ರೆ 64, 12 ಗುಣಿಲೆ 12 ಅಂದ್ರೆ 144. ಉಳಿದದ್ದು ಶೇಕಡಾ 44. ಅರ್ಧ ಕೂಡ ಇಲ್ಲ.

ಹಾಗಾದ್ರೆ 12 ನಾಟ್‌ನಲ್ಲಿ 12 ಮೀಟರ್ ಕೈಟ್ ಕೊಡುವ ಎಳೆತ 8 ನಾಟ್‌ನಲ್ಲೂ ಬೇಕು ಅಂದ್ರೆ 27 ಮೀಟರ್ ಕೈಟ್ ಬೇಕು. ಅಂಥದ್ದನ್ನು ಯಾವ ಬೀಚಿನಲ್ಲಿ ನೋಡಿದ್ದೀರಿ? 17 ಮೀಟರ್ ತಗೊಂಡ್ರೂ ಆ ಅಂತರ ತುಂಬುವುದಿಲ್ಲ. ದುಡ್ಡು ಮಾತ್ರ ಹೋಗ್ತದೆ.

ಇನ್ನೊಂದು ಸಂಗತಿ. ಕೈಟ್ ಆಕಾಶದಲ್ಲಿ ಸುಮ್ಮನೆ ನಿಂತು ಎಳೆಯುವುದಿಲ್ಲ. ಅದನ್ನು ಮೇಲೆ ಕೆಳಗೆ ಬೀಸ್ತಾ ಇದ್ರೆ ಅದು ತಾನೇ ಗಾಳಿಯನ್ನು ಸೀಳಿಕೊಂಡು ಹೋಗ್ತದೆ. ಆಗ ಬಟ್ಟೆಗೆ ತಾಗುವ ಗಾಳಿ ಬೀಚಿನಲ್ಲಿ ನಿಂತವರಿಗೆ ತಾಗುವುದಕ್ಕಿಂತ ಜಾಸ್ತಿ. ಕಡಿಮೆ ಗಾಳಿಯಲ್ಲಿ ನಮ್ಮನ್ನು ನೀರಿನಿಂದ ಎತ್ತುವುದು ಈ ಬೀಸು. ದೊಡ್ಡ ಕೈಟ್ ತಿರುಗುವುದು ಘಟ್ಟದಲ್ಲಿ ಲಾರಿ ತಿರುಗಿದ ಹಾಗೆ, ನಿಧಾನ. 12 ಮೀಟರ್ ಚುರುಕು. ಅದನ್ನು ಬೀಸಲಿಕ್ಕೆ ಕಲಿತವರಿಗೆ ಅದು ತನ್ನ ಅಳತೆಗಿಂತ ದೊಡ್ಡದಾಗಿ ಕೆಲಸ ಮಾಡ್ತದೆ.

ದಾರ ಸ್ವಲ್ಪ ಉದ್ದ ಮಾಡಿದ್ರೂ ಸಹಾಯ ಆಗ್ತದೆ. ಬೀಸಲಿಕ್ಕೆ ಜಾಗ ಜಾಸ್ತಿ ಸಿಗ್ತದೆ, ಮೇಲಿನ ಗಾಳಿಯೂ ಕೆಳಗಿನದಕ್ಕಿಂತ ಚೂರು ಗಟ್ಟಿ ಇರ್ತದೆ. ದಾರಕ್ಕೆ ಆಗುವ ಖರ್ಚು ಹೊಸ ಕೈಟ್‌ನ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಭಾಗ 3/5

ಹಾಗಾದ್ರೆ ಕೈಟ್‌ನಲ್ಲಿ ನೋಡಬೇಕಾದ್ದು ಎಂತ? ನನ್ನ ಪ್ರಕಾರ ಮೊದಲು ತೂಕ, ಆಮೇಲೆ ಅಳತೆ.

ಸಣ್ಣವರಿದ್ದಾಗ ಪೇಪರ್ ಗಾಳಿಪಟ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಬಾಲಂಗೋಚಿ ಭಾರ ಆದ್ರೆ, ಕಡ್ಡಿ ದಪ್ಪ ಆದ್ರೆ, ಸೂತ್ರ ಎಷ್ಟು ಸರಿ ಕಟ್ಟಿದ್ರೂ ಅದು ಏಳುವುದಿಲ್ಲ. ಇಲ್ಲಿಯೂ ಅಷ್ಟೇ. ಗಾಳಿ ತುಂಬುವ ಕೈಟ್‌ಗೆ ಮುಂದೆ ಒಂದು ದಪ್ಪ ಟ್ಯೂಬ್, ಅದರಿಂದ ಹಿಂದಕ್ಕೆ ಪಕ್ಕೆಲುಬಿನ ಹಾಗೆ ಹೋಗುವ ಸಣ್ಣ ಟ್ಯೂಬುಗಳು ಇರ್ತವೆ. ಇವುಗಳಿಗೆ ಸ್ಟ್ರಟ್ ಅಂತಾರೆ. ಕೆಲವದರಲ್ಲಿ ಐದು, ಕೆಲವದರಲ್ಲಿ ಮೂರು, ಕಡಿಮೆ ಗಾಳಿಗೆ ಅಂತಲೇ ಮಾಡಿದ ಕೆಲವದರಲ್ಲಿ ಒಂದೇ ಒಂದು. ಓಝೋನ್ ಕಂಪನಿಯ ಆಲ್ಫಾ ಈ ಒಂದೇ ಸ್ಟ್ರಟ್ ಜಾತಿಯದು. ಸ್ಟ್ರಟ್ ಕಡಿಮೆ ಆದಷ್ಟೂ ಕೈಟ್ ಹಗುರ. ಗಾಳಿ ಒಂದು ಕ್ಷಣ ಸತ್ತಾಗ ಭಾರದ ಕೈಟ್ ಹಿಂದಕ್ಕೆ ವಾಲಿ ನೀರಿಗೆ ಬೀಳ್ತದೆ, ಹಗುರದ್ದು ತೇಲಿಕೊಂಡು ಕಾಯ್ತದೆ. ಒಂದು ಸ್ಟ್ರಟ್‌ಗೂ ಅದರದ್ದೇ ತೊಂದರೆ ಉಂಟು, ಗಾಳಿ ಜೋರಾದ್ರೆ ಬಟ್ಟೆ ಪಟಪಟ ಹೊಡ್ಕೊಳ್ತದೆ. ನಮ್ಮ ಬೇಸಿಗೆ ಗಾಳಿಗೆ ಅದು ದೊಡ್ಡ ವಿಷಯ ಅಲ್ಲ.

ಟ್ಯೂಬೇ ಇಲ್ಲದ, ಪ್ಯಾರಾಗ್ಲೈಡರ್ ಹಾಗೆ ಕಾಣುವ ಫಾಯಿಲ್ ಕೈಟ್ ಕೂಡ ಉಂಟು. ಅತಿ ಕಡಿಮೆ ಗಾಳಿಗೆ ಅದನ್ನು ಮೀರಿಸುವುದು ಕಷ್ಟ, ಒಪ್ತೇನೆ. ಆದ್ರೆ ಅದು ನೀರಿಗೆ ಬಿದ್ದು ಒಳಗೆ ನೀರು ತುಂಬಿಕೊಂಡ್ರೆ ಒದ್ದೆ ಕಂಬಳಿ. ಗಾಳಿ ತುಂಬುವ ಕೈಟ್ ಎಷ್ಟು ಹೊತ್ತು ಬಿದ್ದಿದ್ರೂ ತೇಲ್ತದೆ. ಬೇಕಾದ್ರೆ ಅದನ್ನೇ ಹಿಡ್ಕೊಂಡು ದಡ ಸೇರಬಹುದು. ಫ್ರಾನ್ಸ್‌ನ ಲೆಗೆನ್ಯೂ ಸಹೋದರರು 1984ರಲ್ಲಿ ಇಂಥ ಕೈಟ್‌ಗೆ ಪೇಟೆಂಟ್ ಹಾಕಿದ್ದೇ ನೀರಿಗೆ ಬಿದ್ದದ್ದು ಮತ್ತೆ ಏಳಬೇಕು ಅಂತ. ಕಲೀತಾ ಇರುವವರಿಗೆ ನಾನು ಹೇಳುವುದು ಇದನ್ನೇ.

ಭಾಗ 4/5

ಈಗ ಯಾರೂ ಕೇಳದ ಪ್ರಶ್ನೆ. ಕಾಲಡಿ ಎಂತ ಉಂಟು?

ಸಾಮಾನ್ಯ ಬೋರ್ಡ್ 135, 140 ಸೆಂಟಿಮೀಟರ್ ಇರ್ತದೆ. ಕಡಿಮೆ ಗಾಳಿಗೆ ಅಂತ 150, 160 ದಾಟಿದ ಅಗಲದ ಬೋರ್ಡ್ ಸಿಗ್ತದೆ. ಬೋರ್ಡ್ ದೊಡ್ಡದಾದಷ್ಟೂ ನೀರು ಹೆಚ್ಚು ಎತ್ತಿ ಹಿಡೀತದೆ, ಕಡಿಮೆ ಎಳೆತಕ್ಕೇ ಜಾರಲಿಕ್ಕೆ ಶುರು. ನಮ್ಮ ಮೂವರಲ್ಲಿ 78 ಕೆಜಿಯವನಿಗೆ ಬೇಕಾದ್ದು ಇದು. ಕೈಟ್ ಅಳತೆಯ ಚಾರ್ಟ್‌ಗಳು ಸಾಮಾನ್ಯವಾಗಿ 75 ಕೆಜಿ ಆಸುಪಾಸಿನವರನ್ನು ಇಟ್ಟುಕೊಂಡು ಮಾಡಿದ್ದು. 52 ಕೆಜಿಯವರು ಅದನ್ನೇ ನೋಡಿ 17 ತಗೊಂಡ್ರೆ, ಗಾಳಿ 15 ಆದ ದಿನ ಕೈಟ್ ಅವರನ್ನು ಹಾರಿಸ್ತದೆ, ಅವರು ಕೈಟ್ ಹಾರಿಸುವುದಲ್ಲ.

ಮುಂದಿನ ಮೆಟ್ಟಿಲು ಹೈಡ್ರೋಫಾಯಿಲ್. ಬೋರ್ಡ್ ಕೆಳಗೆ ಒಂದು ಕಂಬ, ಅದರ ತುದಿಯಲ್ಲಿ ನೀರೊಳಗಿನ ರೆಕ್ಕೆ. ವೇಗ ಬಂದ ಕೂಡಲೇ ಬೋರ್ಡ್ ನೀರು ಬಿಟ್ಟು ಮೇಲೆ ಬರ್ತದೆ, ನೀರಿನ ತಡೆ ತುಂಬಾ ಕಡಿಮೆ ಆಗ್ತದೆ. 10 ನಾಟ್ ಆಸುಪಾಸಿನಲ್ಲಿ 12 ಮೀಟರ್ ಕೈಟ್ ಧಾರಾಳ ಸಾಕಾಗ್ತದೆ. ಆದ್ರೆ ಆಳ ನೀರು ಬೇಕು, ರೆಕ್ಕೆ ಹರಿತ ಇರ್ತದೆ, ಕಲಿಯಲಿಕ್ಕೆ ತಾಳ್ಮೆ ಬೇಕು. ಸಾಮಾನ್ಯ ಬೋರ್ಡ್‌ನಲ್ಲಿ ಗಾಳಿಗೆ ಎದುರಾಗಿ ಹೋಗಲಿಕ್ಕೆ ಬಂದ ಮೇಲೆ ಅದಕ್ಕೆ ಕೈ ಹಾಕಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೈಟ್ ಮೊದಲ ಸಲ ಸೇರಿತು. ರೇಸ್ ಮಾರ್ಸೇಲ್ ಕಡಲಲ್ಲಿ. ನಮಗಿಂತ ಸಣ್ಣವನು, 17 ವರ್ಷದ ಸಿಂಗಾಪುರದ ಮ್ಯಾಕ್ಸ್ ಮೇಡರ್, ಅಲ್ಲಿ ಕಂಚು ಗೆದ್ದ. ಅವರ ಹತ್ತಿರ ಹೈಡ್ರೋಫಾಯಿಲ್ ಇತ್ತು, ದೊಡ್ಡ ದೊಡ್ಡ ಫಾಯಿಲ್ ಕೈಟ್ ಇತ್ತು. ಹಾಗಿದ್ದೂ ಗಾಳಿ ಸಾಲದೆ ರೇಸ್ ಮುಂದೂಡಿದ್ದು ಉಂಟು. ಲೋಕದ ಅತ್ಯುತ್ತಮ ಸಾಮಾನು ಇಟ್ಟುಕೊಂಡವರೇ ಗಾಳಿಗೆ ಕಾದ್ರು ಅಂದ ಮೇಲೆ ನಾವು ಯಾವ ಲೆಕ್ಕ? ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಹೇಳಿದ್ದು. ಬಾರದ ಗಾಳಿಗೆ ಮೊರ ದೊಡ್ಡದು ಮಾಡಿ ಅಂತ ಯಾರೂ ಹೇಳಲಿಲ್ಲ.

ಭಾಗ 5/5

ಕೊನೆಗೆ ನಮ್ಮ ಸಬ್ಜೆಕ್ಟ್‌ಗೆ ಬರುವ. ಸವಕಳಿ. ಅಕೌಂಟ್ಸ್ ಕ್ಲಾಸಲ್ಲಿ ನಿದ್ದೆ ಬರಿಸಿದ ಅದೇ ಸವಕಳಿ.

ಒಂದು ಉದಾಹರಣೆ ಇಟ್ಟುಕೊಳ್ಳುವ. ಕೈಟ್‌ಗೆ 1,20,000 ಕೊಟ್ಟು, ಮೂರು ವರ್ಷ ಬಳಸಿ, 60,000ಕ್ಕೆ ಮಾರಿದ್ರೆ ವರ್ಷಕ್ಕೆ 20,000 ಸವಕಳಿ. ಆ ಕೈಟ್ ವರ್ಷದಲ್ಲಿ 8 ದಿನ ಮಾತ್ರ ಹಾರಿದ್ರೆ ದಿನಕ್ಕೆ 2,500 ರೂಪಾಯಿ. 20 ದಿನ ಹಾರಿದ್ರೆ ದಿನಕ್ಕೆ 1,000. 17 ಮೀಟರ್ ಒಂದು ಸಣ್ಣ ಕಿಟಕಿಗೆ ಮಾತ್ರ: ಗಾಳಿ ಸ್ವಲ್ಪ ಇಳಿದ್ರೆ ಅದೂ ಏಳುವುದಿಲ್ಲ, ಸ್ವಲ್ಪ ಏರಿದ್ರೆ ಇಳಿಸಲೇಬೇಕು. 12 ಮೀಟರ್ ನಮ್ಮ ಕಡಲಲ್ಲೂ ಹಾರ್ತದೆ, ರಾಮೇಶ್ವರಂಗೆ ಹೋದ್ರೂ ಎಷ್ಟೋ ದಿನ ಹಾರ್ತದೆ. ನನ್ನ ಸಂಖ್ಯೆ ನಂಬಬೇಡಿ, ನಿಮ್ಮದು ಹಾಕಿ. ಒಂದು ತಿಂಗಳು ದಿನಾ ಸಂಜೆ 4 ಗಂಟೆಗೆ ನಿಮ್ಮ ಬೀಚಿನ ಗಾಳಿ ಎಷ್ಟು ಅಂತ ಬರೆದಿಡಿ. ಆಮೇಲೆ ಕೊಳ್ಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದ್ರೆ ಗಾಳಿ ತುಂಬಿಸಿ ರಾತ್ರಿ ಇಡೀ ಇಡಿ, ಬೆಳಿಗ್ಗೆ ಮೆತ್ತಗಾಗಿದ್ರೆ ಎಲ್ಲೋ ಸೋರ್ತಾ ಉಂಟು. ಬಟ್ಟೆ ಹೊಸ ನೋಟಿನ ಹಾಗೆ ಗರಿಗರಿ ಇರಬೇಕು. ಬಿಸಿಲಿಗೆ ಸೋತ ಬಟ್ಟೆ ಮುಟ್ಟಿದ್ರೇ ಗೊತ್ತಾಗ್ತದೆ.

ಹಣಕ್ಕಿಂತ ದೊಡ್ಡ ವಿಷಯ ಇನ್ನೊಂದು. ಕಡಿಮೆ ಗಾಳಿ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ. ಹೊತ್ತು ಇಳಿದ ಹಾಗೆ ಕಡಲ ಗಾಳಿ ಸಾಯ್ತದೆ, ರಾತ್ರಿಗೆ ದಿಕ್ಕು ತಿರುಗಿ ನೆಲದಿಂದ ಕಡಲಿಗೆ ಬೀಸ್ತದೆ. ಕೈಟ್ ನೀರಿಗೆ ಬಿದ್ದು ಏಳದೆ ಹೋದ್ರೆ ದಡಕ್ಕೆ ಈಜುವುದು ನೀವು, ಕೈಟ್ ಅಲ್ಲ. ಈಜಿ ವಾಪಸ್ ಬರಲಿಕ್ಕೆ ಆಗುವಷ್ಟೇ ದೂರ ಹೋಗಿ. ಒಬ್ಬರೇ ಇಳಿಯಬೇಡಿ. 17 ಮೀಟರ್ ಒದ್ದೆ ಬಟ್ಟೆ ಎಳ್ಕೊಂಡು ಈಜುವ 52 ಕೆಜಿಯ ಗೆಳತಿಯನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ನಾನು 12ಕ್ಕೆ ಅಂಟಿಕೊಂಡಿರುವುದಕ್ಕೆ ದೊಡ್ಡ ಕಾರಣ ಅದೇ.

ಹಾಗಾಗಿ ನನ್ನ ಓಟು: ಒಂದೇ ಸ್ಟ್ರಟ್‌ನ ಹಗುರ 12 ಮೀಟರ್, ಉಳಿದ ದುಡ್ಡಿಗೆ ಒಂದು ದೊಡ್ಡ ಬೋರ್ಡ್. 78 ಕೆಜಿ ಮಹಾಶಯರಿಗೆ 8 ನಾಟ್ ದಿನ ಆಗುವುದಿಲ್ಲ, ನಿಜ. ಆ ದಿನ ಅವರು ದಡದಲ್ಲಿ ನಿಂತು ನಮ್ಮ ಕೈಟ್ ಎತ್ತಿ ಕೊಡಲಿ, ಗೋಳಿಬಜೆ ನನ್ನ ಲೆಕ್ಕ.

ನಿಮ್ಮ ಬೀಚ್, ನಿಮ್ಮ ತೂಕ, ನಿಮ್ಮ 4 ಗಂಟೆಯ ಗಾಳಿ ಕಾಮೆಂಟಲ್ಲಿ ಹಾಕಿ. 17ರ ಪರವಾಗಿ ವಾದ ಇದ್ರೂ ಹಾಕಿ, ಲೆಕ್ಕ ಸಮೇತ.

#ಕಡಲಗಾಳಿ #ಕೈಟ್‌ಬೋರ್ಡಿಂಗ್ #ಕರಾವಳಿ #ಬಿಕಾಂಲೆಕ್ಕ